ಗೋಡೆಯ ಚೀಟಿಯಲ್ಲಿ ಇನ್ನೊಂದು ಹೆಸರಿಗೆ ಜಾಗ ಬಿಡಿ

(ರೆಸಿಡೆನ್ಸಿಗೆಂದು ಬರುವ ಕಲಾವಿದರಿಗೂ ಅವರನ್ನು ಕರೆಸಿಕೊಳ್ಳುವ ಕಲಾಕೇಂದ್ರಗಳಿಗೂ ಒಂದು ಬಹಿರಂಗ ಪತ್ರ)



ಮಳೆ ನಿಂತು ದಸರೆ ಕಳೆಯಿತೆಂದರೆ ನೀವು ಬರುವ ಕಾಲ ಶುರುವಾಗುತ್ತದೆ. ಬರ್ಲಿನ್‌ನಿಂದ, ಸೋಲ್‌ನಿಂದ, ದಿಲ್ಲಿ, ಕೊಲ್ಕತ್ತ, ಕೊಚ್ಚಿಗಳಿಂದ ಬರುತ್ತೀರಿ. ಬೆಂಗಳೂರಿನ ಯಾವುದೋ ಬೀದಿಯಲ್ಲೊಂದು ಮಹಡಿಯ ಕೋಣೆ, ಮಲೆನಾಡಿನ ಅಡಿಕೆ ತೋಟಗಳ ನಡುವೆ ಒಂದು ರಂಗಶಾಲೆ, ಕೋಲಾರದ ಕಡೆ ಬೆಟ್ಟದ ಮೇಲೊಂದು ಬಯಲು ರಂಗ ನಿಮಗಾಗಿ ಕಾದಿರುತ್ತವೆ. ಆರು ವಾರವೋ ಮೂರು ತಿಂಗಳೋ ಇರುತ್ತೀರಿ. ನಿಮ್ಮಲ್ಲಿ ಹಲವರ ಜೊತೆ ನೇಕಾರರ ಮನೆಗೆ, ಮೇಳದ ಚೌಕಿಗೆ, ಬೊಂಬೆ ಮಾಡುವವರ ಪಡಸಾಲೆಗೆ ದುಭಾಷಿಯಾಗಿ ಬಂದವಳು ನಾನು. ನೀವು ಬರುವುದು ನನಗೆ ನಿಜವಾಗಿಯೂ ಸಂತೋಷದ ವಿಷಯ. ಒಬ್ಬ ಹೊಸ ಮನುಷ್ಯ ಬಂದು ಕೂತು ಕೇಳಿದಾಗ, ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವರು ಅದರ ಬಗ್ಗೆ ಮೊದಲ ಸಲ ಬಾಯಿಬಿಟ್ಟು ಮಾತಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಬರಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬರುವ ಮುಂಚೆ ಒಂದು ವಿಷಯ ಇತ್ಯರ್ಥವಾಗಲಿ ಎಂದು ಬರೆಯುತ್ತಿದ್ದೇನೆ. ನೀವು ಇಲ್ಲಿ ಮಾಡುವ ಕೃತಿಯಲ್ಲಿ ಊರಿನವರ ಕೈ ಕೂಡಿದ್ದರೆ ಅವರ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ ಇರಬೇಕು. ನಿಮ್ಮ ದಿನಗಳಿಗೆ ಸಂಭಾವನೆ ಇದೆಯೆಂದಾದರೆ ಅವರ ದಿನಗಳಿಗೂ ಇರಬೇಕು. ಮತ್ತು ನೀವು ಉಳಿದುಕೊಳ್ಳುವ ಆ ಕೋಣೆಗೆ ಅವರೂ ಅರ್ಜಿ ಹಾಕುವಂತಿರಬೇಕು.

ಬೀದರಿನಿಂದ ಶುರು ಮಾಡುತ್ತೇನೆ. ಈ ಮಾತು ನನ್ನೊಳಗೆ ಗಟ್ಟಿಯಾದದ್ದು ಅಲ್ಲಿಯೇ.

ಬಿದರಿ ಸಾಮಾನನ್ನು ಎಂಪೋರಿಯಂನ ಗಾಜಿನ ಹಿಂದೆ ನೋಡಿದವರಿಗೆ ಕಾಣುವುದು ಕಪ್ಪು ಮೈ, ಅದರ ಮೇಲೆ ಹಬ್ಬಿದ ಬೆಳ್ಳಿಯ ಬಳ್ಳಿ, ಇಷ್ಟೇ. ಅದು ಆಗುವ ಬಗೆ ತಿಳಿಯಬೇಕಾದರೆ ಹಳೇ ಊರಿನ ಒಂದು ಕಾರ್ಖಾನದಲ್ಲಿ ಬೆಳಗಿನಿಂದ ಸಂಜೆತನಕ ಕೂತಿರಬೇಕು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಹಾಕಿ ಹದ ಮಾಡಿದ ಮಣ್ಣಿನ ಅಚ್ಚಿಗೆ ಅದನ್ನು ಹೊಯ್ಯುತ್ತಾರೆ. ಹೊರಗೆ ಬರುವುದು ಬೂದು ಬಣ್ಣದ ಒರಟು ಮೈ. ಅರ ಹಾಕಿ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದಾಗ ಆ ಮೈ ಸದ್ಯಕ್ಕೆ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಮೊನೆಯಿಂದ ಗೀಚಿದ ಗೆರೆ ಬೆಳ್ಳಗೆ ಕಾಣುತ್ತದೆ. ಎದುರಿಗೆ ಮಾದರಿ ಹಾಳೆ ಇರುವುದಿಲ್ಲ, ಗೆರೆ ಕೈಯಲ್ಲೇ ಇರುತ್ತದೆ. ಮೇಣ ಹಾಕಿದ ಕಲ್ಲಿಗೆ ಪಾತ್ರೆಯನ್ನು ಕಚ್ಚಿಸಿ, ಸಣ್ಣ ಉಳಿಗಳಿಂದ ಗೆರೆಯುದ್ದಕ್ಕೂ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎನ್ನುತ್ತಾರೆ, ತಗಡಿನ ಕೆಲಸಕ್ಕೆ ತೆಹನಿಶಾನ್. ಮತ್ತೆ ಉಜ್ಜಿದಾಗ ಮೈಲುತುತ್ತದ ಕಪ್ಪು ಹೊರಟುಹೋಗುತ್ತದೆ. ಆ ಹೊತ್ತಿನಲ್ಲಿ ಬೆಳ್ಳಿ ಯಾವುದು, ಸತು ಯಾವುದು ಎಂದು ಹೊಸಬರ ಕಣ್ಣಿಗೆ ತಿಳಿಯುವುದೇ ಇಲ್ಲ, ಎಲ್ಲವೂ ಒಂದೇ ಬಿಳುಪು. ಕೊನೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ತಾಕದ ಕಡೆಯಿಂದ ತಂದ ಆ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕದಡಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ತಿಳಿಯಲು ಉಸ್ತಾದರು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡುತ್ತಾರೆ.

ಇಂಥದೊಂದು ಕಾರ್ಖಾನಕ್ಕೆ ನಾನು ಒಬ್ಬ ಅತಿಥಿ ಕಲಾವಿದೆಯನ್ನು ಕರೆದುಕೊಂಡು ಹೋದೆ. ಯಾವ ದೇಶದವರು, ಯಾವ ಕೇಂದ್ರ ಕಳಿಸಿತ್ತು ಎಂಬುದು ಈ ಪತ್ರಕ್ಕೆ ಬೇಕಿಲ್ಲ. ಬತ್ತಿಹೋದ ಕೆರೆಗಳ ನಕ್ಷೆಯನ್ನು ಬಿದರಿಯಲ್ಲಿ ಮಾಡಿಸಬೇಕೆಂಬುದು ಅವರ ಆಲೋಚನೆ. ಒಳ್ಳೆಯ ಆಲೋಚನೆಯೇ. ಉಸ್ತಾದರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ದಂಡೆಯ ಗೆರೆ ಇಷ್ಟು ಬಳುಕಿದರೆ ತಂತಿ ಎದ್ದುಬರುತ್ತದೆ ಎಂದರು. ಚೂರು ತಗಡಿನ ಮೇಲೆ ಎರಡು ಮೂರು ಸಲ ಮಾಡಿ ತೋರಿಸಿದರು, ಹೇಳಿದಂತೆಯೇ ಎದ್ದಿತು. ಆಮೇಲೆ ಉಳಿ ಕೆಳಗಿಟ್ಟು ದಖನಿಯಲ್ಲಿ ಒಂದು ಮಾತು ಹೇಳಿದರು, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನೀರು ಇದ್ದ ಕಡೆ ಬೆಳ್ಳಿ ಹಾಕೋಣ, ನೀರು ಹೋದ ಕಡೆ ಬೆಳ್ಳಿ ಯಾಕೆ, ಬರೀ ಕೊರೆದು ಖಾಲಿ ಬಿಡೋಣ, ಮಣ್ಣು ಹಚ್ಚಿದಾಗ ಆ ತಗ್ಗೂ ಕಪ್ಪಾಗುತ್ತದೆ, ಬೆರಳಿಟ್ಟವರಿಗೆ ಮಾತ್ರ ಸಿಗುತ್ತದೆ. ಕಲಾವಿದೆ ಎದ್ದು ಅವರ ಎರಡೂ ಕೈ ಹಿಡಿದುಕೊಂಡರು.

ಪ್ರದರ್ಶನವಾಯಿತು. ನೋಡಲು ಬಂದವರೆಲ್ಲ ಮಾತಾಡಿದ್ದು ಆ ಖಾಲಿ ತಗ್ಗುಗಳ ಬಗ್ಗೆಯೇ. ಉಸ್ತಾದರು ಮಗನನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಹೊರಟು ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಗೋಡೆಯ ಮೇಲಿನ ಚೀಟಿಯನ್ನು ಓದಿ ಹೇಳಿ ಎಂದರು. ಓದಿದೆ. ಕಲಾವಿದೆಯ ಹೆಸರು, ಕೃತಿಯ ಹೆಸರು, ಇಸವಿ, ಅದರ ಕೆಳಗೆ ಸತು, ತಾಮ್ರ, ಬೆಳ್ಳಿ, ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಥಳೀಯ ಕುಶಲಕರ್ಮಿಗಳ ನೆರವಿನಿಂದ ಎಂದಿತ್ತು. ಉಸ್ತಾದರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕನ್ನಡದಲ್ಲಿ, ದನಿ ಏರಿಸದೆ ಕೇಳಿದರು: “ಅಕ್ಕಾ, ಸತುವಿನ ಹೆಸರು ಬರದಾರ, ತಾಮ್ರದ ಹೆಸರು ಬರದಾರ. ನನ್ನ ಹೆಸರು ಎಲ್ಲ್ಯದ?”

ನಾನು ಹೋಗಿ ಕೇಳಿದೆ. ಚೀಟಿ ಬರೆಯುವುದು ಕೇಂದ್ರದ ಕೆಲಸ ಎಂದು ತಾನು ತಿಳಿದಿದ್ದಾಗಿ ಕಲಾವಿದೆ ಹೇಳಿದರು, ಅವರ ಮುಖ ಸಣ್ಣಗಾಗಿತ್ತು. ಕೇಂದ್ರದವರು ಹಿಂದಿನ ವರ್ಷದ ನಮೂನೆಯಲ್ಲೇ ಬರೆದೆವು ಎಂದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನನಗೆ ಹೆಚ್ಚು ನೋವು ತಂದದ್ದು ಅದೇ. ಯಾರೋ ಒಬ್ಬರು ಬೇಕೆಂದೇ ಹೆಸರು ಕಿತ್ತುಹಾಕಿದ್ದರೆ ಅವರ ಜೊತೆ ಜಗಳ ಆಡಬಹುದಿತ್ತು. ಇಲ್ಲಿ ಹೆಸರಿಗೆ ನಮೂನೆಯಲ್ಲಿ ಮನೆಯೇ ಇರಲಿಲ್ಲ.

ಲೆಕ್ಕದ ಮಾತೂ ಹೇಳಬೇಕು. ಆ ಕೆಲಸಕ್ಕೆ ಕಲಾವಿದೆಗೆ ತಿಂಗಳ ಸಂಭಾವನೆ ಇತ್ತು. ದುಭಾಷಿಯಾದ ನನಗೆ ದಿನದ ಲೆಕ್ಕ. ಉಸ್ತಾದರಿಗೆ ಮಾತ್ರ ನಗದ ಲೆಕ್ಕ, ಅದೂ ಬಜೆಟ್ಟಿನಲ್ಲಿ ಸಾಮಗ್ರಿ ವೆಚ್ಚದ ಸಾಲಿನಲ್ಲಿ, ಬೆಳ್ಳಿ ತಂತಿಯ ಬಿಲ್ಲಿನ ಜೊತೆಯಲ್ಲಿ. ಎದ್ದುಬಂದ ತಂತಿಗಳಿಗೆ, ಮಾಡಿ ಮುರಿದ ಚೂರುಗಳಿಗೆ, ಕಾಗದ ನೋಡುತ್ತ ಕೂತ ಮಧ್ಯಾಹ್ನಗಳಿಗೆ, ಖಾಲಿ ಬಿಡೋಣ ಎಂದ ಆ ಒಂದು ಮಾತಿಗೆ ಯಾವ ಸಾಲಿನಲ್ಲೂ ದುಡ್ಡಿರಲಿಲ್ಲ. ಅವರು ಕೇಳಿದಷ್ಟು ಕೊಟ್ಟಿದ್ದೇವೆ ಎಂದು ಕೇಂದ್ರದವರು ಹೇಳಿದರು, ಅದು ಸುಳ್ಳಲ್ಲ. ಹೂದಾನಿಯೊಂದಕ್ಕೆ, ಗುಂಡಿಯ ಸೆಟ್ಟಿಗೆ ಎಷ್ಟು ಎಂಬುದು ಉಸ್ತಾದರಿಗೆ ಗೊತ್ತು, ಅವರ ಅಪ್ಪನಿಗೂ ಗೊತ್ತಿತ್ತು. ಇನ್ನೊಬ್ಬ ಕಲಾವಿದರ ಜೊತೆ ಕೂತು ಯೋಚನೆ ಮಾಡಿದ ದಿನಕ್ಕೆ ಎಷ್ಟು ಕೇಳಬೇಕೆಂದು ಅವರಿಗೆ ಯಾರೂ ಯಾವತ್ತೂ ಹೇಳಿಲ್ಲ. ಕೇಳದೆ ಇದ್ದವರಿಗೆ ಕೊಡದೆ ಇರುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಳ್ಳೆಯದಾಯಿತು. ಆದರೆ ಆ ಕಾನೂನು ಕಾಯುವುದು ಊರಿನ ಹೆಸರನ್ನು, ಉಳಿ ಹಿಡಿದವನ ಹೆಸರನ್ನಲ್ಲ. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಬೀದರಿನ ಗಲ್ಲಿಗಳಲ್ಲಿ ಹಬ್ಬದ ಮಾತಾಯಿತು, ಏಕೆಂದರೆ ಅಂದು ಪೇಪರಿನಲ್ಲಿ ಬಂದದ್ದು ಒಬ್ಬ ಮನುಷ್ಯನ ಹೆಸರು. ಮಿಕ್ಕವರಿಗೂ ಅಷ್ಟು ಸಿಗಲಿ ಎಂದು ನಾನು ಕೇಳುತ್ತಿಲ್ಲ. ಅವರೇ ಕೆತ್ತಿದ ತಟ್ಟೆಯ ಪಕ್ಕದ ಚೀಟಿಯಲ್ಲಿ ಒಂದು ಸಾಲು ಕೇಳುತ್ತಿದ್ದೇನೆ.

ಅತಿಥಿಯಾಗಿ ಬಂದು ಕಲೆ ಮಾಡುವುದು ಈ ನೆಲಕ್ಕೆ ಹೊಸದೇನಲ್ಲ. ಬಿದರಿಯೇ ಹಾಗೆ ಬಂದದ್ದು ಎನ್ನುತ್ತಾರೆ ಬೀದರಿನವರು. ಬಹಮನಿ ಸುಲ್ತಾನ ಅಹಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಪರ್ಷಿಯಾದಿಂದ ಕರೆಸಿಕೊಂಡವರಲ್ಲಿ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಿ ಇದ್ದ, ಇಲ್ಲಿನವರಿಗೆ ಕಲಿಸಿದವನು ಅವನೇ ಎಂಬುದು ತಲೆಮಾರಿನಿಂದ ತಲೆಮಾರಿಗೆ ಬಂದ ಪ್ರತೀತಿ. ಶಾಸನ ನೋಡಿ ಹೇಳುವ ಮಾತಲ್ಲ ಇದು. ಆದರೂ ಗಮನಿಸಿ, ಬೀದರಿನ ಕೆಲಸಗಾರರು ತಮಗೆ ಕಲಿಸಿದ ಅತಿಥಿಯ ಹೆಸರನ್ನು ಕಾಗದ ಪತ್ರವಿಲ್ಲದೆ ಇಷ್ಟು ಕಾಲ ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಬೇಲೂರಿಗೂ ಹೋಗಿ ನೋಡಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯಕ್ಕೆ ಶಿಲ್ಪಿಗಳು ಬೇರೆ ಬೇರೆ ಊರುಗಳಿಂದ ಬಂದಿದ್ದರು. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇಬ್ಬರೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಹೆಸರಿನ ಜೊತೆ ಊರೂ ಇದೆ, ಕೆಲವರ ಹೆಸರಿನ ಜೊತೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಇವೆ. ಮುಂದಿನ ಶತಮಾನದಲ್ಲಿ ಸೋಮನಾಥಪುರದ ಗೋಡೆಗಳ ಮೇಲೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಕಟ್ಟಿಸಿದವನು ದೊರೆಯೋ ದಂಡನಾಯಕನೋ, ದುಡ್ಡು ಅವನದು, ಶಾಸನದಲ್ಲಿ ಹೊಗಳಿಕೆಯೂ ಅವನದೇ. ಅಷ್ಟಾದರೂ ಉಳಿ ಹಿಡಿದವನಿಗೆ ತನ್ನ ಹೆಸರು ಕೊರೆಯಲು ಒಂದು ಅಂಗೈ ಅಗಲದ ಕಲ್ಲು ಬಿಟ್ಟಿದ್ದರು. 900 ವರ್ಷಗಳ ಹಿಂದೆ ಒಂದು ದೇವಸ್ಥಾನದ ಗೋಡೆಯಲ್ಲಿ ಇದ್ದ ಜಾಗ ಇವತ್ತು ಒಂದು ಗ್ಯಾಲರಿಯ ಗೋಡೆಯಲ್ಲಿ ಇಲ್ಲವೆಂದರೆ ನಾನು ಒಪ್ಪುವುದು ಹೇಗೆ?

ಇಬ್ರಾಹಿಂ ಆದಿಲ್‌ಶಾನ ಬಿಜಾಪುರಕ್ಕೆ ಹಾಲೆಂಡಿನ ಹಾರ್ಲೆಮ್‌ನ ಚಿತ್ರಕಾರ ಕಾರ್ನೆಲಿಸ್ ಹೇಡಾ ಬಂದು ನೆಲೆಸಿದ್ದೂ ನಿಮಗೆ ತಿಳಿದಿರಲಿ. ಪ್ರಾಗ್‌ನಿಂದ ಪರ್ಷಿಯಾಕ್ಕೆಂದು ಹೊರಟವನು ಗೋವೆ ಸೇರಿ, 1610ರ ಸುಮಾರಿಗೆ ಬಿಜಾಪುರಕ್ಕೆ ಬಂದು, 1622ರಲ್ಲಿ ಸಾಯುವವರೆಗೆ ಸುಲ್ತಾನನ ಆಶ್ರಯದಲ್ಲೇ ಇದ್ದ. ದಾಖಲೆಗಳಲ್ಲಿ ಅವನ ಹೆಸರು ಉಳಿದಷ್ಟು ಗಟ್ಟಿಯಾಗಿ ಅವನ ಚಿತ್ರಗಳು ಉಳಿದಿಲ್ಲ. ಅವನ ಬಣ್ಣ ಅರೆದವರ, ಅವನಿಗೆ ಕಾಗದ ಹದ ಮಾಡಿ ಕೊಟ್ಟವರ ಹೆಸರು ಮಾತ್ರ ನಮ್ಮ ಕೈಗೆ ಬಂದಿಲ್ಲ. ಅಂದು ಬರೆದಿಡುವವರಿರಲಿಲ್ಲ. ಇಂದು ಪ್ರತಿ ರೆಸಿಡೆನ್ಸಿಗೂ ಕ್ಯಾಟಲಾಗ್ ಇದೆ, ಛಾಯಾಗ್ರಾಹಕರಿದ್ದಾರೆ, ವರದಿ ಬರೆಯುವವರಿದ್ದಾರೆ.

ಈಗ ನಿಮ್ಮಲ್ಲಿ ಕೆಲವರು ನನಗೆ ಹೇಳಿದ ಮಾತಿಗೆ ಬರುತ್ತೇನೆ. ಕಲ್ಪನೆ ಕಲಾವಿದನದು, ಕೆತ್ತಿದವರು ಅದನ್ನು ನೆರವೇರಿಸಿದರು, ಎಲ್ಲರ ಹೆಸರೂ ಹಾಕುತ್ತ ಹೋದರೆ ಕರ್ತೃ ಯಾರೆಂಬುದೇ ಕಲಸಿಹೋಗುತ್ತದೆ ಎಂಬುದು ಅವರ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಆಲೋಚನೆಯನ್ನು ಊರಿಂದೂರಿಗೆ ಹೊತ್ತು ತಂದ ಶ್ರಮ ಸಣ್ಣದಲ್ಲ. ಆದರೆ ಕರಾವಳಿಯ ಯಾವುದಾದರೂ ಯಕ್ಷಗಾನ ಮೇಳದ ಕರಪತ್ರ ಕೈಗೆತ್ತಿಕೊಳ್ಳಿ. ಪ್ರಸಂಗ ಬರೆದ ಕವಿಯ ಹೆಸರಿರುತ್ತದೆ. ಭಾಗವತರು ಯಾರು, ಮದ್ದಳೆ ಯಾರದು, ಚೆಂಡೆ ಯಾರದು ಎಂಬುದು ಹಿಮ್ಮೇಳದ ಸಾಲಿನಲ್ಲಿ ಬರುತ್ತದೆ. ಮುಮ್ಮೇಳದಲ್ಲಿ ಯಾವ ಪಾತ್ರ ಯಾರದು ಎಂಬುದು ಇರುತ್ತದೆ. ಇಷ್ಟು ಹೆಸರು ಹಾಕಿದ್ದರಿಂದ ಪ್ರಸಂಗಕರ್ತ ಚಿಕ್ಕವನಾದ ಎಂದು ಯಾವ ಪ್ರೇಕ್ಷಕನೂ ತಿಳಿಯುವುದಿಲ್ಲ. ಬದಲಿಗೆ ಮದ್ದಳೆ ಇಂಥವರದು ಎಂದು ಓದಿಯೇ ಎಷ್ಟೋ ಜನ ಆಟಕ್ಕೆ ಹೊರಡುತ್ತಾರೆ. ಯಾರು ಏನು ಮಾಡಿದರು ಎಂದು ಬರೆದರೆ ಏನೂ ಕಲಸಿಹೋಗುವುದಿಲ್ಲ. ಬರೆಯದೆ ಬಿಟ್ಟಾಗಲೇ ಕಲಸಿಹೋಗುತ್ತದೆ.

ಕಾಯ್ದೆಯ ಕಡೆಯಿಂದಲೂ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾತ್ಮಕ ಕೈಕೆಲಸದ ಕೃತಿಯನ್ನೂ ಕಲಾಕೃತಿಗಳ ಪಟ್ಟಿಯಲ್ಲೇ ಸೇರಿಸಿದೆ. ಕೃತಿಯನ್ನು ಮಾರಿದ ಮೇಲೂ ಇದು ನನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಇರುತ್ತದೆ ಎನ್ನುತ್ತದೆ ಅದರ 57ನೇ ಸೆಕ್ಷನ್. ಇಬ್ಬರು ಸೇರಿ ಮಾಡಿದ ತಟ್ಟೆಯಲ್ಲಿ ಕರ್ತೃ ಯಾರು ಎಂಬುದು ವಕೀಲರ ನಡುವಿನ ವಾದ, ಅದಕ್ಕೆ ನಾನು ಕೈಹಾಕುವುದಿಲ್ಲ. ಕೈಕೆಲಸ ಕಲೆಯಲ್ಲ ಎಂಬ ಮಾತಿಗೆ ಕಾಯ್ದೆಯ ಆಸರೆ ಇಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಒಳ್ಳೆಯ ಅತಿಥಿ ಹೇಗಿರಬೇಕು ಎಂದು ನನ್ನನ್ನು ಕೇಳಿದವರಿಗೆ ನಾನು ಮಾರ್ತಾ ಆಷ್ಟನ್ ಅವರ ಹೆಸರು ಹೇಳುತ್ತೇನೆ. ಅಮೆರಿಕದಿಂದ ಉಡುಪಿ ಸೀಮೆಗೆ ಬಂದು, ಮದ್ದಳೆಯ ಮಾಂತ್ರಿಕ ಹಿರಿಯಡ್ಕ ಗೋಪಾಲ ರಾಯರನ್ನು ಗುರುವೆಂದು ಒಪ್ಪಿ, ಬಡಗುತಿಟ್ಟಿನ ಯಕ್ಷಗಾನ ಕಲಿತವರು ಅವರು. ದೂರ ನಿಂತು ಟಿಪ್ಪಣಿ ಬರೆದುಕೊಂಡವರಲ್ಲ, ಗೆಜ್ಜೆ ಕಟ್ಟಿದವರು. ಬ್ರೂಸ್ ಕ್ರಿಸ್ಟಿ ಜೊತೆ ಅವರು ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಬಂತು. ಇಂಗ್ಲಿಷ್ ಓದುವ ಜಗತ್ತಿಗೆ ಬಡಗುತಿಟ್ಟು ಪರಿಚಯವಾದದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ದಾರಿ ಎರಡೂ ಕಡೆಗೆ ತೆರೆದದ್ದು. ಗೋಪಾಲ ರಾಯರು ತಮ್ಮ ಮದ್ದಳೆಯೊಂದಿಗೆ ಅಮೆರಿಕಕ್ಕೆ ಹೋದರು, ಅಲ್ಲಿ ಕಲಿಸಿದರು. ಶಿಷ್ಯೆ ಇಲ್ಲಿಗೆ ಅತಿಥಿಯಾಗಿ ಬಂದಿದ್ದರು, ಗುರು ಅಲ್ಲಿಗೆ ಅತಿಥಿಯಾಗಿ ಹೋದರು. ರೆಸಿಡೆನ್ಸಿ ಎಂದು ಆಗ ಯಾರೂ ಕರೆಯಲಿಲ್ಲ, ಆದರೆ ನಾನು ಕೇಳುತ್ತಿರುವುದು ಅಂಥದನ್ನೇ.

ಹೆಗ್ಗೋಡಿನ ನೀನಾಸಂ ಇನ್ನೊಂದು ದಾರಿ ತೋರಿಸಿದೆ. 1949ರಲ್ಲಿ ಹಳ್ಳಿಯವರು ಕಟ್ಟಿಕೊಂಡ ನಾಟಕ ಸಂಘ ಅದು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವಾಯಿತು, 1985ರಲ್ಲಿ ತಿರುಗಾಟವೆಂಬ ಸಂಚಾರಿ ನಾಟಕ ತಂಡ ಹೊರಟಿತು. ದೇಶದ, ಹೊರದೇಶದ ನಿರ್ದೇಶಕರು ಅಲ್ಲಿಗೆ ಬಂದು ವಾರಗಟ್ಟಲೆ ಇದ್ದು ನಾಟಕ ಕಟ್ಟುತ್ತಾರೆ. ಅತಿಥಿ ನಿರ್ದೇಶಕ ತನ್ನ ಊರಿಗೆ ಮರಳಿದ ಮೇಲೂ ಅವನ ನಾಟಕ ತಿರುಗಾಟದವರ ಜೊತೆ ಸಾಗರ, ಸಿರಸಿ, ಧಾರವಾಡ, ರಾಯಚೂರು ಎಂದು ಊರೂರು ಅಲೆಯುತ್ತದೆ. ನಟರು ಅದನ್ನು ಹೊತ್ತುಕೊಂಡಿರುತ್ತಾರೆ. ಅತಿಥಿಯ ಕೆಲಸ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಅಲ್ಲಿ ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ಅಕ್ಟೋಬರದ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಮೇಷ್ಟ್ರೊಬ್ಬರು, ಗೃಹಿಣಿಯೊಬ್ಬರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡದೆ ಅತಿಥಿಗೆ ಬಿಡುಗಡೆ ಇಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಲು ಸುತ್ತಲಿನ ಊರುಗಳ ಜನ ಬೆಟ್ಟ ಹತ್ತಿ ಬರುತ್ತಾರೆ. ಬೆಂಗಳೂರಿನ ಒನ್ ಶಾಂತಿರೋಡ್ ಕಲಾವಿದ ಸುರೇಶ್ ಜಯರಾಮ್ ಅವರ ಮನೆಯೂ ಹೌದು, ಅತಿಥಿಗಳ ಸ್ಟುಡಿಯೋವೂ ಹೌದು. ಇವೆಲ್ಲ ಕಡೆ ಬಾಗಿಲು ಊರಿಗೆ ತೆರೆದಿರುತ್ತದೆ.

ಹೀಗೇಕೆ ಹೇಳುತ್ತಿದ್ದೇನೆಂದರೆ ನಮ್ಮ ಎಷ್ಟೋ ಕೇಂದ್ರಗಳ ಮನಸ್ಸಿನಲ್ಲಿ ಇನ್ನೊಂದು ಮಾದರಿ ಕೂತಿದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ 1907ರಲ್ಲಿ ಶುರುವಾದ ಮ್ಯಾಕ್‌ಡೊವೆಲ್‌ನದು ಅದು. ಕಾಡಿನ ನಡುವೆ ಬಿಡಿ ಬಿಡಿ ಸ್ಟುಡಿಯೋಗಳು. ಕೆಲಸಕ್ಕೆ ಭಂಗ ಬಾರದಂತೆ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ. ಸ್ಟುಡಿಯೋದ ಗೋಡೆಗೆ ಮರದ ಹಲಗೆಗಳು, ಅಲ್ಲಿದ್ದು ಹೋದವರೆಲ್ಲ ಅದರ ಮೇಲೆ ತಮ್ಮ ಹೆಸರು ಬರೆದಿದ್ದಾರೆ. ಕಾದಂಬರಿ ಬರೆಯುವವರಿಗೆ, ಸ್ವರ ಕಟ್ಟುವವರಿಗೆ ಅಂಥ ಏಕಾಂತ ದೊಡ್ಡ ವರ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನೀವು ಬೀದರಿಗೆ, ಚನ್ನಪಟ್ಟಣಕ್ಕೆ, ಕಿನ್ನಾಳಕ್ಕೆ ಬರುವುದು ಏಕಾಂತಕ್ಕಲ್ಲ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕೆಂದು ತಿಳಿದ ಕೈಯ ಹತ್ತಿರಕ್ಕೆ ಬರುತ್ತೀರಿ. ಕಿನ್ನಾಳದ ಚಿತ್ರಗಾರರ ಮನೆಗೆ, ಗೊಂಬೆಗೆ ಕಣ್ಣು ಬರೆಯುವವರ ಬಳಿಗೆ ಬರುತ್ತೀರಿ. ಕೆಲಸ ಇಬ್ಬರದಾಗಿದ್ದೂ ಹಲಗೆಯ ಮೇಲೆ ಒಬ್ಬರದೇ ಹೆಸರು ಉಳಿಯುವುದಾದರೆ ಆ ಮಾದರಿ ಇಲ್ಲಿಗೆ ಹೊಂದುವುದಿಲ್ಲ.

ಕಲಾಕೇಂದ್ರಗಳ ಹಿರಿಯರೆ, ಇನ್ನು ಮುಂದಿನದು ನಿಮಗೆ.

ನಿಮ್ಮ ಕಷ್ಟ ನನಗೆ ಗೊತ್ತಿದೆ. ದುಡ್ಡು ಕೊಡುವವರು ಬೇರೆ ಎಲ್ಲೋ ಇರುತ್ತಾರೆ, ಅವರ ನಮೂನೆಯಲ್ಲಿ ನೀವು ಲೆಕ್ಕ ಕೊಡಬೇಕು, ಕರೆಂಟ್ ಬಿಲ್ಲಿಗೆ, ಅಡುಗೆಯವರ ಸಂಬಳಕ್ಕೆ ತಾಪತ್ರಯ ಇದ್ದದ್ದೇ. ಅದರ ನಡುವೆಯೂ ಮಾಡಬಹುದಾದ ಕೆಲಸಗಳನ್ನೇ ಕೇಳುತ್ತಿದ್ದೇನೆ. ಅತಿಥಿ ಬರುವ ಮೊದಲೇ ಅವರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿ: ಊರಿನ ಯಾವ ಕಲಾವಿದರ ಜೊತೆ ಕೆಲಸ ಮಾಡುತ್ತಾರೋ ಅವರ ಹೆಸರು ಚೀಟಿಯಲ್ಲಿ, ಕ್ಯಾಟಲಾಗಿನಲ್ಲಿ, ಮುಂದೆ ಆ ಕೃತಿ ಎಲ್ಲಿಗೆ ಹೋದರೆ ಅಲ್ಲಿ ಬರಬೇಕು. ಹೆಸರು ಹಾಕುವುದು ಬೇಡ ಎಂದು ಅವರೇ ಹೇಳಿದರೆ ಅದು ಅವರ ಇಷ್ಟ, ಆದರೆ ಕೇಳಿರಬೇಕು. ಬಜೆಟ್ಟಿನಲ್ಲಿ ಅವರನ್ನು ಸಾಮಗ್ರಿಯ ಸಾಲಿನಿಂದ ಎತ್ತಿ ಕಲಾವಿದರ ಸಾಲಿಗೆ ತನ್ನಿ, ದಿನದ ಲೆಕ್ಕದಲ್ಲಿ ಕೊಡಿ, ಕೆಟ್ಟುಹೋದ ಮಾದರಿಗಳ ದಿನವನ್ನೂ ಸೇರಿಸಿ. ಕೃತಿ ಮಾರಾಟವಾದರೆ ಅದರಲ್ಲಿ ಪಾಲು ಎಷ್ಟು ಎಂಬುದನ್ನು ಮೊದಲೇ ಕೂತು ಮಾತಾಡಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು, ಓದಿ ಹೇಳಿ, ಆಮೇಲೆ ರುಜು ಮಾಡಿಸಿ.

ಮುಗಿಸುವ ದಿನದ ಅವಸರವನ್ನೂ ಸ್ವಲ್ಪ ಸಡಿಲಿಸಿ. ಆರು ವಾರಕ್ಕೆ ಬಂದವರು ಕೊನೆಯ ವಾರ ಪ್ರದರ್ಶನ ಮಾಡಲೇಬೇಕು ಎಂದಾದಾಗ ಅವರು ನಾಲ್ಕನೇ ವಾರಕ್ಕೇ ಕೇಳುವುದನ್ನು ನಿಲ್ಲಿಸಿ ಮಾಡಿಸುವುದಕ್ಕೆ ತೊಡಗುತ್ತಾರೆ. ಅಲ್ಲಿಯವರೆಗೆ ಅಕ್ಕಪಕ್ಕ ಕೂತವರಲ್ಲಿ ಅಲ್ಲಿಂದಾಚೆಗೆ ಒಬ್ಬರು ಹೇಳುವವರು, ಇನ್ನೊಬ್ಬರು ಮಾಡುವವರು ಆಗಿಬಿಡುತ್ತಾರೆ. ಮಾತು ತಿರುಗಿಸುವ ಜಾಗದಲ್ಲಿ ಕೂತವಳಾದ್ದರಿಂದ ಈ ಬದಲಾವಣೆ ನನ್ನ ಕಿವಿಗೆ ಎಲ್ಲರಿಗಿಂತ ಮೊದಲು ಬೀಳುತ್ತದೆ. ಪ್ರದರ್ಶನ ಬೇಡ ಎನ್ನುತ್ತಿಲ್ಲ. ಮುಂದಿನ ವರ್ಷ ಮತ್ತೆ ಬಂದು ಮುಗಿಸಲು ಅವಕಾಶ ಕೊಡಿ, ಅಥವಾ ಮುಗಿಯದ ಕೆಲಸವನ್ನು ಮುಗಿಯದ ಹಾಗೆಯೇ ಕಾರ್ಖಾನದ ಅಂಗಳದಲ್ಲಿ ತೋರಿಸಲು ಬಿಡಿ. ಊರಿನವರು ಅಷ್ಟು ದೂರ ರಾತ್ರಿ ಬಸ್ಸಿನಲ್ಲಿ ಬರುವುದೂ ತಪ್ಪುತ್ತದೆ.

ಕೊನೆಯದಾಗಿ ಆ ಕೋಣೆಯ ಮಾತು. ನೀವು ಹೊರಡಿಸುವ ಕರೆಗಳಲ್ಲಿ ಹೆಚ್ಚಿನವನ್ನು ನಾನು ಓದುತ್ತೇನೆ. ಸಮುದಾಯದೊಂದಿಗೆ ಕೆಲಸ ಮಾಡುವವರಿಗೆ ಆದ್ಯತೆ ಎಂದು ಬರೆದಿರುತ್ತದೆ. ಆ ಸಮುದಾಯದವರೇ ಅರ್ಜಿ ಹಾಕುವುದಾದರೆ? ಅರ್ಜಿ ಇಂಗ್ಲಿಷಿನಲ್ಲಿ. ಕಲಾವಿದರ ಹೇಳಿಕೆ ಎಂದು ಐನೂರು ಪದ ಬರೆಯಬೇಕು, ಹಿಂದಿನ ಪ್ರದರ್ಶನಗಳ ಪಟ್ಟಿ ಕೊಡಬೇಕು, ಇಬ್ಬರ ಶಿಫಾರಸು ಪತ್ರ ತರಬೇಕು. ತೊಗಲುಗೊಂಬೆ ಆಡಿಸುವ ಕುಟುಂಬದ ಹೆಂಗಸೊಬ್ಬರು, ಅಪ್ಪನ ನಂತರ ಹಾಡುವವರು ತಾನೊಬ್ಬಳೇ ಎಂದು ನನಗೆ ಹೇಳಿದವರು, ಮನೆಯಲ್ಲಿ ಗೊಂಬೆ ಹರಡಿ ಕೂರಲು ಜಾಗವಿಲ್ಲ, ಒಂದು ತಿಂಗಳು ಒಂದು ದೊಡ್ಡ ಕೋಣೆ ಸಿಕ್ಕಿದ್ದರೆ ಅಪ್ಪನ ಹಾಡುಗಳನ್ನೆಲ್ಲ ಕೂತು ಸಾಲಾಗಿ ನೆನಪು ಮಾಡಿಕೊಳ್ಳುತ್ತಿದ್ದೆ ಎಂದರು. ನಿಮ್ಮ ಪ್ರಕಟಣೆಯಲ್ಲಿ ರೆಸಿಡೆನ್ಸಿಯ ಉದ್ದೇಶವೆಂದು ಏನು ಬರೆದಿದ್ದೀರೋ ಅದನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದ್ದರು. ಅವರಿಗೂ ಸಮಯ ಬೇಕು, ಜಾಗ ಬೇಕು, ಹೊತ್ತು ಹೊತ್ತಿಗೆ ಯಾರಾದರೂ ಅಡುಗೆ ಮಾಡಿ ಹಾಕುವ ಒಂದು ತಿಂಗಳು ಬೇಕು. ಹೆಂಗಸರ ಮಟ್ಟಿಗೆ ಈ ಕಡೆಯ ಮಾತು ಎಷ್ಟು ದೊಡ್ಡದೆಂದು ನಾನು ವಿವರಿಸಬೇಕಾಗಿಲ್ಲ.

ವರ್ಷಕ್ಕೆ ಒಂದಾದರೂ ಕೋಣೆಯನ್ನು ಇಂಥವರಿಗೆ ಇಡಿ. ಕರೆಯನ್ನು ಕನ್ನಡದಲ್ಲೂ ಹೊರಡಿಸಿ, ಬೀದರ್ ಕಲಬುರಗಿಗಳ ಕಡೆ ಉರ್ದುವಿನಲ್ಲೂ ಹೊರಡಿಸಿ, ತಾಲೂಕು ಕಚೇರಿಯ ಬೋರ್ಡಿಗೂ ಸಂತೆಯ ಚಹಾದಂಗಡಿಯ ಗೋಡೆಗೂ ಅಂಟಿಸಿ. ಬರೆಯಲು ಬಾರದವರು ಮೊಬೈಲಿನಲ್ಲಿ ಮಾತಾಡಿ ಕಳಿಸಲಿ, ಅದನ್ನೇ ಅರ್ಜಿ ಎಂದು ತೆಗೆದುಕೊಳ್ಳಿ. ಶಿಫಾರಸು ಬೇಕೇಬೇಕು ಎಂದಾದರೆ ಅವರ ಊರಿನ ಇಬ್ಬರು ಹೇಳಲಿ. ಆಯ್ಕೆ ಮಾಡುವ ಮಂಡಳಿಯಲ್ಲಿ ಕೈಕೆಲಸದವರೊಬ್ಬರು ಕೂರಲಿ. ಅವರ ಕಾರ್ಖಾನ ಮುಚ್ಚಿ ಬಂದ ದಿನಗಳ ದುಡಿಮೆ ಹೋಗುತ್ತದೆ, ಅಷ್ಟನ್ನಾದರೂ ಸಂಭಾವನೆಯಲ್ಲಿ ಸೇರಿಸಿ. ಹೊರಗಿನಿಂದ ಬಂದ ಅತಿಥಿಯ ಪಕ್ಕದ ಕೋಣೆಯಲ್ಲಿ ಅವರು ಇರಲಿ. ಆಗ ಯಾರ ಕೃತಿಗೆ ಯಾರು ನೆರವಾದರು ಎಂಬುದನ್ನು ಇಬ್ಬರೂ ಸೇರಿ ಬರೆಯುತ್ತಾರೆ.

ಉಸ್ತಾದರ ಮಗ ಈಗ ತಾನೇ ಕೆಲಸ ಹಿಡಿದಿದ್ದಾನೆ. ಸಣ್ಣ ಸಣ್ಣ ಗುಂಡಿಗಳಿಗೆ ತಾರಕಶಿ ಮಾಡುತ್ತಾನೆ. ದಿನವಿಡೀ ಮೊಬೈಲ್ ಫೋನಿನಲ್ಲಿ ಬೇರೆ ದೇಶಗಳ ಲೋಹದ ಕೆಲಸ ನೋಡುತ್ತಾನೆ. ಬೇರೆ ಕಡೆ ಒಂದಷ್ಟು ದಿನ ಇದ್ದು ಕಲಿಯುವುದಕ್ಕೆ ಯಾರಾದರೂ ಕರೆಯುತ್ತಾರೇನು ಎಂದು ಹೋದ ಸಲ ನನ್ನನ್ನು ಕೇಳಿದ. ಅವನ ಹೆಸರು, ವಯಸ್ಸು, ಮಾಡಿದ ಕೆಲಸದ ಫೋಟೋಗಳು, ಅವನದೇ ದನಿಯಲ್ಲಿ ನಾಲ್ಕು ಮಾತು, ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದೇನೆ. ಮುಂದಿನ ಕರೆ ಕನ್ನಡದಲ್ಲಿ ಬಂದ ದಿನವೇ ಮೊದಲ ಅರ್ಜಿ ಬೀದರಿನಿಂದ ನಿಮಗೆ ತಲುಪುತ್ತದೆ. ತಿರುಗಿಸಿ ಹೇಳಲು ಯಾರಾದರೂ ಬೇಕಾದರೆ ನಾನು ಬರುತ್ತೇನೆ.

ಇಂತಿ,
ನಿಮ್ಮ ದುಭಾಷಿ